ಪಿಂಗಾಣಿಯ ಮೇಲಿನ ಅಚ್ಚುಚಿತ್ರಗಳು



ಕೆಲವು ವರ್ಷಗಳ ಹಿಂದೆ ನಾನು ತರಗತಿಯಲ್ಲಿ ಚಾರ್ಲ್ಸ್ ಲ್ಯಾಂಬನ ಪ್ರಬಂಧವೊಂದನ್ನು ಪಾಠ ಹೇಳುತ್ತಿದ್ದೆನು. ೧೮೨೩ರಲ್ಲಿ ಪ್ರಕಟವಾದ ಆ ಪ್ರಬಂಧಕ್ಕೆ 'ಹಳೆಯ ಪಿಂಗಾಣಿ' ಎಂದು ಹೆಸರು. ನೀಲಿ ಚಿತ್ರಗಳುಳ್ಳ ಚೀನದ ಬಟ್ಟಲುಗಳ ಮೇಲೆ ಲ್ಯಾಂಬನಿಗಿದ್ದ ಮೋಹವನ್ನು ವರ್ಣಿಸುತ್ತ, ಒಂದೊಂದು ಬಟ್ಟಲಿನ ಮೇಲೂ ಚಿತ್ರಕಾರನು ಕುಂಚವನ್ನು ಹಿಡಿದು ಹೇಗೆ ತಾಳ್ಮೆಯಿಂದ ಬರೆಯುತ್ತಿದ್ದನೆಂಬುದನ್ನು ನಾನು ಬಹಳ ಉತ್ಸಾಹದಿಂದ ವಿವರಿಸಿದೆನು. ಮರುದಿನ ಒಬ್ಬ ವಿದ್ಯಾರ್ಥಿ ತನ್ನ ಅಜ್ಜಿಯ ಮನೆಯ ತಟ್ಟೆಯೊಂದನ್ನು ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ತಂದನು. ನೀಲಿ ಬಣ್ಣದ ತಟ್ಟೆ. ನಡುವೆ ಒಂದು ಜೋಲುಕೊಂಬೆಯ ಮರ, ಒಂದು ಸೇತುವೆ, ಅದರ ಮೇಲೆ ಮೂರು ಮನುಷ್ಯರು, ಆಕಾಶದಲ್ಲಿ ಎರಡು ಹಕ್ಕಿಗಳು. ನಾನು ಅದನ್ನು ಎತ್ತಿ ಹಿಡಿದು, "ನೋಡಿ, ಚೀನದ ಕಲಾವಿದನ ಕೈ ಎಂದರೆ ಇದು," ಎಂದೆನು.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಅಂಚಿನಲ್ಲಿ ಇಲ್ಲೊಂದು ಹೂವು ಅರ್ಧಕ್ಕೇ ಕತ್ತರಿಸಿಹೋಗಿದೆ. ಕೈಯಿಂದ ಬರೆಯುವವನು ಹೂವನ್ನು ಅರ್ಧಕ್ಕೆ ಬಿಡುತ್ತಾನೆಯೇ?" ಎಂದು ಕೇಳಿದನು. ತಟ್ಟೆಯನ್ನು ತಿರುಗಿಸಿ ನೋಡಿದೆನು. ಬೆನ್ನಿನ ಮೇಲೆ ತಯಾರಕರ ಮುದ್ರೆ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಅದು ಚೀನದ ತಟ್ಟೆಯಾಗಿರಲಿಲ್ಲ. ಕೈಯಿಂದ ಬರೆದ ಚಿತ್ರವೂ ಆಗಿರಲಿಲ್ಲ. ನಲವತ್ತು ಮಂದಿ ವಿದ್ಯಾರ್ಥಿಗಳ ಎದುರಿಗೆ ನಾನು ಒಂದು ಅಚ್ಚಿನ ಕಾಗದವನ್ನು ಕುಂಚವೆಂದು ಹೊಗಳಿದ್ದೆನು. ಆ ದಿನ ಆದ ಸಂಕೋಚವೇ ಈ ವಿಷಯವನ್ನು ವಿಚಾರಿಸಿ ತಿಳಿದುಕೊಳ್ಳುವಂತೆ ನನ್ನನ್ನು ಪ್ರೇರಿಸಿತು. ಹಾಗೆ ತಿಳಿದುದರಲ್ಲಿ ಕೆಲವನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ.

ಮೊದಲು ಇಲ್ಲಿರತಕ್ಕ ತೊಡಕು ಎಂಥದೆಂಬುದನ್ನು ನೋಡೋಣ. ಕಾಗದದ ಮೇಲೆ ಅಚ್ಚು ಒತ್ತುವುದು ಕಷ್ಟವಲ್ಲ. ಕಾಗದವು ಚಪ್ಪಟೆಯಾದ ವಸ್ತು. ಅದು ಯಂತ್ರದ ಉರುಳೆಗಳ ನಡುವೆ ನುಸುಳಬಲ್ಲುದು. ಬಟ್ಟಲಾದರೋ ಗುಂಡಗಿದೆ, ಉರುಳೆಗಳ ನಡುವೆ ಸಿಕ್ಕಿಸಿದರೆ ಪುಡಿಯಾಗುತ್ತದೆ. ಇದು ಮೊದಲನೆಯ ತೊಡಕು. ಎರಡನೆಯದು ಬೆಂಕಿ. ಪುಸ್ತಕಕ್ಕೆ ಉಪಯೋಗಿಸುವ ಮಸಿಯನ್ನು ಬಟ್ಟಲಿಗೆ ಬಳಿದು ಆವಿಗೆಯಲ್ಲಿಟ್ಟರೆ ಅದು ಸುಟ್ಟು ಹೊಗೆಯಾಗಿ ಹೋಗುತ್ತದೆ. ಬೆಂಕಿಯನ್ನು ತಡೆದುಕೊಳ್ಳತಕ್ಕವು ಲೋಹಗಳ ಭಸ್ಮಗಳು ಮಾತ್ರ. ಕೋಬಾಲ್ಟಿನಿಂದ ನೀಲಿ, ಕಬ್ಬಿಣದಿಂದ ಕಾವಿ, ಕ್ರೋಮಿಯಂನಿಂದ ಹಸುರು—ಹೀಗೆ ಪಿಂಗಾಣಿಯ ಬಣ್ಣಗಳೆಲ್ಲವೂ ಖನಿಜಗಳೇ.

ಈ ಎರಡು ತೊಡಕುಗಳಿಗೂ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಉಪಾಯ ಹೊಳೆಯಿತು. ಚಿತ್ರವನ್ನು ನೇರವಾಗಿ ಬಟ್ಟಲಿನ ಮೇಲೆ ಅಚ್ಚು ಹಾಕುವುದು ಬೇಡ. ಖನಿಜದ ಬಣ್ಣದಿಂದ ತೆಳುವಾದ ಕಾಗದದ ಮೇಲೆ ಅಚ್ಚು ಹಾಕಿ, ಆ ಕಾಗದವನ್ನು ಬಟ್ಟಲಿಗೆ ಅಂಟಿಸಿ, ಬಣ್ಣವು ಬಟ್ಟಲನ್ನು ಹಿಡಿದುಕೊಂಡ ಮೇಲೆ ಕಾಗದವನ್ನು ತೆಗೆದುಬಿಡುವುದು. ಕಾಗದವು ಇಲ್ಲಿ ವಾಹನ ಮಾತ್ರ. ಹೊಳೆಯ ಈಚೆಯಿಂದ ಆಚೆಗೆ ಮುಟ್ಟಿಸಿ ಹಿಂದಿರುಗುವ ದೋಣಿಯಂತೆ ಅದರ ಕೆಲಸ.

ಬರ್ಮಿಂಗ್‌ಹ್ಯಾಮಿನಲ್ಲಿ ನೆಲಸಿದ್ದ ಜಾನ್ ಬ್ರೂಕ್ಸ್ ಎಂಬ ಐರ್ಲೆಂಡಿನ ಕೆತ್ತನೆಗಾರನು ೧೭೫೧ರಲ್ಲಿಯೇ ಈ ವಿಧಾನಕ್ಕೆ ಸರ್ಕಾರದ ಹಕ್ಕುಪತ್ರವನ್ನು ಬೇಡಿದನು. ಅದು ಅವನಿಗೆ ದೊರೆಯಲಿಲ್ಲ. ಲಂಡನ್ನಿನ ಬಳಿಯ ಬ್ಯಾಟರ್ಸೀ ಎಂಬಲ್ಲಿ ತಾಮ್ರದ ಮೇಲಿನ ಗಾಜುಲೇಪಕ್ಕೆ ಇದೇ ರೀತಿಯಲ್ಲಿ ಚಿತ್ರ ಹಾಕುವ ಕಾರ್ಖಾನೆಯೊಂದು ೧೭೫೩ರಲ್ಲಿ ಆರಂಭವಾಗಿ, ೧೭೫೬ರಲ್ಲಿ ದಿವಾಳಿಯಾಗಿ ಮುಚ್ಚಿಹೋಯಿತು. ಅದೇ ವರ್ಷ ಲಿವರ್‌ಪೂಲಿನಲ್ಲಿ ನಡೆದ ಒಂದು ಸಂಗತಿ ಬಹಳ ಪ್ರಸಿದ್ಧವಾಗಿದೆ. ಅಲ್ಲಿ ಜಾನ್ ಸ್ಯಾಡ್ಲರ್ ಎಂಬ ಮುದ್ರಕನಿದ್ದನು. ಅವನು ಕೆಟ್ಟುಹೋದ ಅಚ್ಚಿನ ಕಾಗದಗಳನ್ನು ಮಕ್ಕಳಿಗೆ ಕೊಡುತ್ತಿದ್ದನೆಂದೂ, ಮಕ್ಕಳು ಅವನ್ನು ಒಡೆದ ಮಡಕೆಯ ಚೂರುಗಳಿಗೆ ಅಂಟಿಸಿ ಅಡುಗೆಯಾಟ ಆಡುತ್ತಿದ್ದುದನ್ನು ನೋಡಿ ಅವನಿಗೆ ಈ ಯೋಚನೆ ಬಂದಿತೆಂದೂ ಒಂದು ಕಥೆಯುಂಟು. ಕಥೆ ಹೇಗಾದರೂ ಇರಲಿ. ಅವನೂ ಅವನ ಜೊತೆಗಾರನಾದ ಗೈ ಗ್ರೀನನೂ ಮಾಡಿದ ಪ್ರಮಾಣಪತ್ರವು ಉಳಿದಿದೆ. ೧೭೫೬ನೆಯ ಜುಲೈ ೨೭ರಂದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ, ಎಂದರೆ ಆರು ಗಂಟೆಗಳಲ್ಲಿ, ಮತ್ತೊಬ್ಬರ ಸಹಾಯವಿಲ್ಲದೆ ೧,೨೦೦ಕ್ಕೂ ಮಿಕ್ಕಿ ಬಿಲ್ಲೆಗಳ ಮೇಲೆ ತಾವು ಬಗೆಬಗೆಯ ಚಿತ್ರಗಳನ್ನು ಅಚ್ಚು ಹಾಕಿದುದಾಗಿ ಅವರು ಪ್ರಮಾಣ ಮಾಡಿದರು. ನೂರು ಮಂದಿ ನುರಿತ ಚಿತ್ರಗಾರರು ಅಷ್ಟೇ ಹೊತ್ತಿನಲ್ಲಿ ಬರೆಯಬಹುದಾದುದಕ್ಕಿಂತ ಇವು ಸಂಖ್ಯೆಯಲ್ಲಿ ಹೆಚ್ಚು, ಅಂದದಲ್ಲಿಯೂ ಮೇಲು ಎಂಬುದು ಅದರ ಅಭಿಪ್ರಾಯ. ಲೆಕ್ಕ ಹಾಕಿದರೆ ಹದಿನೆಂಟು ಸೆಕೆಂಡಿಗೆ ಒಂದು ಬಿಲ್ಲೆಯಾಯಿತು.

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ನಮ್ಮ ಗಾದೆಯನ್ನು ಇಲ್ಲಿ ಸ್ವಲ್ಪ ತಿದ್ದಿ, 'ಚಿತ್ರಗಾರನಿಗೆ ವರುಷ, ಅಚ್ಚಿಗೆ ನಿಮಿಷ' ಎನ್ನಬಹುದು. ಆ ಪತ್ರದಲ್ಲಿ ನೂರು ಮಂದಿ ಚಿತ್ರಗಾರರು ಬರುವುದು ಬರಿಯ ಹೋಲಿಕೆಗಾಗಿ. ಆದರೆ ಅಂತಹ ಕೆಲಸಗಾರರು ನಿಜವಾಗಿಯೂ ಇದ್ದರು. ಕುಂಚವೇ ಅವರ ಹೊಟ್ಟೆಪಾಡಾಗಿದ್ದಿತು. ಅವರನ್ನು ನಾವು ಈ ವಿಷಯದ ಕೊನೆಯವರೆಗೂ ಮರೆಯದಿರುವುದು ಒಳ್ಳೆಯದು.

ಸ್ಯಾಡ್ಲರ್ ಮತ್ತು ಗ್ರೀನರು ಬಣ್ಣವನ್ನು ಹಾಕುತ್ತಿದ್ದುದು ಹೊಳಪುಲೇಪದ ಮೇಲೆ. ಪ್ರಸಿದ್ಧನಾದ ಜೊಸೈಯ ವೆಜ್‌ವುಡ್ಡನೇ ೧೭೬೧ರಿಂದ ತನ್ನ ಕೆನೆಬಣ್ಣದ ಪಾತ್ರೆಗಳನ್ನು ಸ್ಟ್ಯಾಫರ್ಡ್‌ಷೈರಿನಿಂದ ಲಿವರ್‌ಪೂಲಿಗೆ ಕಳುಹಿಸಿ ಅವರಿಂದ ಚಿತ್ರ ಹಾಕಿಸುತ್ತಿದ್ದನು. ಆದರೆ ಲೇಪದ ಮೇಲಿನ ಬಣ್ಣವು ಚಮಚದ ಉಜ್ಜಾಟಕ್ಕೆ ಕಾಲಕ್ರಮದಲ್ಲಿ ಸವೆಯುತ್ತದೆ. ಅದಕ್ಕೆ ಪರಿಹಾರವಾಗಿ, ಲೇಪ ಕೊಡುವುದಕ್ಕೆ ಮುಂಚೆಯೇ ಬಣ್ಣವನ್ನು ಹಾಕಿ ಅದರ ಮೇಲೆ ಲೇಪವನ್ನು ಹೊದಿಸುವ ಕ್ರಮವು ಬಳಕೆಗೆ ಬಂದಿತು. ೧೭೮೦ರ ದಶಕದಲ್ಲಿ ಜೊಸೈಯ ಸ್ಪೋಡನು ಸಾಧಾರಣ ಮಣ್ಣಿನ ಪಾತ್ರೆಗಳಿಗೆ ಈ ಕ್ರಮವನ್ನು ಹೊಂದಿಸಿಕೊಟ್ಟನು. ಆ ದಿನಗಳಲ್ಲಿ ಲೇಪದ ಉರಿಯನ್ನು ನಂಬಿಕೆಯಿಂದ ತಡೆದುಕೊಳ್ಳುತ್ತಿದ್ದ ಬಣ್ಣ ಕೋಬಾಲ್ಟಿನ ನೀಲಿ. ಆದುದರಿಂದಲೇ ಹಳೆಯ ಇಂಗ್ಲಿಷ್ ತಟ್ಟೆಗಳಲ್ಲಿ ಅಷ್ಟೊಂದು ನೀಲಿ ಕಾಣುವುದು.

ಈಗ ನಾವು ಅಂದಿನ ಅಚ್ಚಿನ ಕೋಣೆಯೊಂದರೊಳಗೆ ಹೋಗೋಣ. ಒಂದು ಕಡೆ ಒಲೆಯ ಮೇಲೆ ಕಾದಿರುವ ಕಬ್ಬಿಣದ ಹಾಸು. ಅದರ ಮೇಲೆ ತಾಮ್ರದ ತಗಡು. ಚಿತ್ರವನ್ನು ಆ ತಗಡಿನಲ್ಲಿ ಗೆರೆಗಳಾಗಿಯೂ ಚುಕ್ಕೆಗಳಾಗಿಯೂ ಕೊರೆದಿರುತ್ತಾರೆ. ಕುದಿಸಿ ಗಟ್ಟಿ ಮಾಡಿದ ಅಗಸೆ ಎಣ್ಣೆಯಲ್ಲಿ ನೀಲಿ ಭಸ್ಮವನ್ನು ಕಲಸಿ, ಬಿಸಿಯಾದ ತಗಡಿಗೆ ಮೆತ್ತಿ, ಗೆರೆಗಳೊಳಗೆ ಅದನ್ನು ತುಂಬಿ, ಮೇಲ್ಮೈಯನ್ನು ಚೊಕ್ಕಟವಾಗಿ ಒರಸುತ್ತಾರೆ. ಮೆದುಸಾಬೂನಿನ ನೀರನ್ನು ಹಚ್ಚಿದ ತೆಳುಕಾಗದವನ್ನು ಮೇಲೆ ಹಾಸಿ ಯಂತ್ರದ ಉರುಳೆಗಳ ನಡುವೆ ಎಳೆಯುತ್ತಾರೆ. ಕಾಗದವು ಚಿತ್ರವನ್ನು ಹೊತ್ತುಕೊಂಡು ಬರುತ್ತದೆ. ಅದನ್ನು ಒಬ್ಬ ಹುಡುಗಿ ಕತ್ತರಿಯಿಂದ ಕತ್ತರಿಸುತ್ತಾಳೆ: ನಡುವಿನ ಚಿತ್ರ ಬೇರೆ, ಅಂಚಿನ ಪಟ್ಟಿ ಬೇರೆ. ಹೆಂಗಸರು ಆ ತುಂಡುಗಳನ್ನು ತಟ್ಟೆಯ ಮೇಲೆ ಮುಖ ಕೆಳಗಾಗಿ ಇಟ್ಟು, ಗಡುಸಾದ ಕುಂಚದಿಂದ ಬಲವಾಗಿ ತಿಕ್ಕುತ್ತಾರೆ. ಒಂದು ಸಲ ಸುಟ್ಟು ಇನ್ನೂ ಲೇಪ ಕಾಣದ ತಟ್ಟೆಯು ಎಣ್ಣೆಬಣ್ಣವನ್ನು ಹೀರಿಕೊಳ್ಳುತ್ತದೆ. ಬಳಿಕ ನೀರಿನಲ್ಲಿ ಅದ್ದಿದರೆ ಕಾಗದವು ಕಳಚಿಕೊಳ್ಳುತ್ತದೆ. ಎಣ್ಣೆಯುಳ್ಳ ಬಣ್ಣಕ್ಕೆ ನೀರಿನಿಂದ ಭಯವಿಲ್ಲ. ಹದವಾದ ಉರಿಯಲ್ಲಿ ಒಮ್ಮೆ ಸುಟ್ಟು ಎಣ್ಣೆಯನ್ನು ಕಳೆದು, ಆಮೇಲೆ ಲೇಪದಲ್ಲಿ ಅದ್ದಿ, ಮತ್ತೊಮ್ಮೆ ಸುಡುತ್ತಾರೆ.

ನನ್ನ ವಿದ್ಯಾರ್ಥಿಯು ಕಂಡ ಅರ್ಧ ಹೂವಿನ ರಹಸ್ಯವು ಇಲ್ಲಿದೆ. ಅಂಚಿನ ಪಟ್ಟಿಯನ್ನು ತಟ್ಟೆಯ ಸುತ್ತಲೂ ಹೊಂದಿಸುತ್ತ ಬಂದಾಗ ಪಟ್ಟಿಯ ಕೊನೆ ಮೊದಲಿನೊಂದಿಗೆ ಕೂಡುವ ಸ್ಥಳದಲ್ಲಿ ಸ್ವಲ್ಪ ಹೆಚ್ಚಾಗುವುದುಂಟು, ಸ್ವಲ್ಪ ಕಡಮೆಯಾಗುವುದೂ ಉಂಟು. ಹೆಚ್ಚಾದುದನ್ನು ಕತ್ತರಿಸಬೇಕು. ಹೂವು ಅರ್ಧವಾಗುವುದು ಆಗಲೇ. ಎಂದರೆ, ಅಚ್ಚಿನ ತಟ್ಟೆಯಲ್ಲಿಯೂ ಕೈ ಇಲ್ಲದೆ ಇಲ್ಲ. ಹೂವನ್ನು ಬರೆದ ಕೈ ಕಾಣುವುದಿಲ್ಲ, ಹೂವನ್ನು ಕತ್ತರಿಸಿದ ಕೈ ಕಾಣುತ್ತದೆ. ಆ ಕೈ ಅನೇಕ ವೇಳೆ ಎಳೆಯ ಹುಡುಗಿಯದಾಗಿರುತ್ತಿದ್ದಿತು. ೧೮೪೧ರಲ್ಲಿ ಸ್ಯಾಮ್ಯುಯೆಲ್ ಸ್ಕ್ರಿವನ್ ಎಂಬ ಅಧಿಕಾರಿಯು ಸ್ಟ್ಯಾಫರ್ಡ್‌ಷೈರಿನ ಕುಂಬಾರಿಕೆಯ ಊರುಗಳಲ್ಲಿ ಮಕ್ಕಳ ದುಡಿಮೆಯನ್ನು ಕುರಿತು ಸರ್ಕಾರದ ಪರವಾಗಿ ವಿಚಾರಣೆ ನಡೆಸಿದಾಗ ಅಚ್ಚಿನ ಕೋಣೆಯ ಮಕ್ಕಳೂ ಅದರೊಳಗೆ ಸೇರಿದ್ದರು. ಹೀಗೆ, ನುರಿತ ಚಿತ್ರಗಾರನ ಕೂಲಿಯನ್ನು ಉಳಿಸಿದ ವಿದ್ಯೆಯು ಹೆಂಗಸರ ಮತ್ತು ಮಕ್ಕಳ ಅಗ್ಗದ ಕೂಲಿಯ ಮೇಲೆ ನಿಂತಿತು. ಬಡವರ ಮೇಜಿಗೆ ಸುಂದರವಾದ ತಟ್ಟೆ ಬಂದಿತೆಂಬುದು ನಿಜ. ಅದರ ಬೆಲೆಯಲ್ಲಿ ಒಂದು ಭಾಗವನ್ನು ಮತ್ತೊಬ್ಬ ಬಡವರು ತೆತ್ತರೆಂಬುದೂ ಅಷ್ಟೇ ನಿಜ.

ಇನ್ನು ಚಿತ್ರಗಳ ವಿಷಯ. ನಮ್ಮ ಹುಡುಗನು ತಂದ ತಟ್ಟೆಯ ಮಾದರಿಗೆ 'ವಿಲೋ' ಎಂದು ಹೆಸರು. ಜೋಲುಕೊಂಬೆಯ ಆ ಮರದಿಂದ ಬಂದ ಹೆಸರು. ಚೀನದಿಂದ ಬರುತ್ತಿದ್ದ ಪಾತ್ರೆಗಳ ಹಲವು ಚಿತ್ರಗಳಿಂದ ಮನೆಯನ್ನೂ ಸೇತುವೆಯನ್ನೂ ಆರಿಸಿ ಕೂಡಿಸಿ ಇಂಗ್ಲೆಂಡಿನ ಕೆತ್ತನೆಗಾರರು ಸುಮಾರು ೧೭೯೦ರಲ್ಲಿ ಇದನ್ನು ರೂಪಿಸಿದರು. ಶ್ರೀಮಂತನ ಮಗಳೊಬ್ಬಳು ಬಡ ಗುಮಾಸ್ತನನ್ನು ಪ್ರೀತಿಸಿ ಓಡಿಹೋದಳು, ತಂದೆ ಚಾವಟಿಯನ್ನು ಹಿಡಿದು ಸೇತುವೆಯ ಮೇಲೆ ಅಟ್ಟಿಸಿಕೊಂಡು ಬಂದನು, ಸತ್ತ ಪ್ರೇಮಿಗಳು ಹಕ್ಕಿಗಳಾದರು ಎಂಬ ಒಂದು ಕಥೆಯನ್ನು ಈ ಚಿತ್ರಕ್ಕೆ ಹೇಳುತ್ತಾರೆ. ಅನೇಕರು ಇದನ್ನು ಚೀನದ ಪುರಾತನ ಕಥೆಯೆಂದೇ ನಂಬಿದ್ದಾರೆ. ವಾಸ್ತವವಾಗಿ ಅದು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ೧೮೪೯ರಲ್ಲಿ ಅಚ್ಚಾದ ಕಥೆ. ಮೊದಲು ತಟ್ಟೆ ಹುಟ್ಟಿತು, ಆಮೇಲೆ ಅದಕ್ಕೊಂದು ಪುರಾಣವು ಹುಟ್ಟಿತು.

ನಮ್ಮ ದೇಶವೂ ಈ ತಟ್ಟೆಗಳ ಮೇಲೆ ಕಾಣಿಸಿಕೊಂಡಿದೆ. ಬಂಗಾಳದಲ್ಲಿ ಸೈನ್ಯಾಧಿಕಾರಿಯಾಗಿದ್ದ ಥಾಮಸ್ ವಿಲಿಯಮ್‌ಸನ್ ಎಂಬವನು ಪೂರ್ವದೇಶದ ಬೇಟೆಗಳನ್ನು ಕುರಿತು ಬರೆದ ಗ್ರಂಥವು ಸ್ಯಾಮ್ಯುಯೆಲ್ ಹೌವಿಟ್ಟನ ಚಿತ್ರಗಳೊಡನೆ ೧೮೦೭ರಲ್ಲಿ ಪ್ರಕಟವಾಯಿತು. ಸ್ಪೋಡನ ಕಾರ್ಖಾನೆಯು ೧೮೧೦ರ ಈಚೆಗೆ ಆ ಚಿತ್ರಗಳನ್ನು ತಗಡಿಗೆ ಇಳಿಸಿ ಊಟದ ಪಾತ್ರೆಗಳ ಒಂದು ಇಡೀ ಸಾಲನ್ನೇ ಹೊರಡಿಸಿತು. ಒಂದು ತಟ್ಟೆಯಲ್ಲಿ ಕರಡಿಯ ಬೇಟೆ. ಮತ್ತೊಂದರಲ್ಲಿ ಮರವೇರಿದ ಚಿರತೆ. ಇನ್ನೊಂದರಲ್ಲಿ ಬೇಟೆನಾಯಿಗಳನ್ನು ನಡೆಸಿಕೊಂಡು ಹೋಗುವ ನಮ್ಮ ದೇಶದ ಆಳುಗಳು. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗನಾದ ವಿಲಿಯಂ ಡೇನಿಯಲ್ಲರು ೧೭೮೬ರಲ್ಲಿ ಕಲ್ಕತ್ತೆಗೆ ಬಂದಿಳಿದು, ದೇಶವನ್ನು ಸುತ್ತಿ ಬರೆದುಕೊಂಡ ಚಿತ್ರಗಳು ೧೭೯೫ರಿಂದ ೧೮೦೮ರವರೆಗೆ ಅಚ್ಚಾದುವು. ಅವೂ ಇದೇ ದಾರಿಯಿಂದ ಅಡುಗೆಮನೆಯನ್ನು ಸೇರಿದುವು. ಮಧುರೆಯ ಕೋಟೆಯ ನೋಟವೂ ದೆಹಲಿಯ ಹಳೆಯ ಕಟ್ಟಡದ ನೋಟವೂ ಇಂಗ್ಲೆಂಡಿನ ಮನೆಗಳಲ್ಲಿ ಮಾಂಸದ ಸಾರಿನ ಅಡಿಯಲ್ಲಿ ಮುಳುಗೇಳುತ್ತಿದ್ದುವೆಂದರೆ ನಗು ಬರುತ್ತದೆ. ಪುಸ್ತಕದ ಚಿತ್ರವನ್ನು ಕಲಾವಿದನ ಅಪ್ಪಣೆಯನ್ನು ಕೇಳದೆ ಹೀಗೆ ಎತ್ತಿಕೊಳ್ಳುವುದಕ್ಕೆ ಇಂಗ್ಲೆಂಡಿನಲ್ಲಿ ೧೮೪೨ರ ಗ್ರಂಥಸ್ವಾಮ್ಯದ ಶಾಸನದಿಂದ ತಡೆ ಬಿದ್ದಿತು.

ತಾಮ್ರದ ತಗಡಿನ ಬಳಿಕ ಬಂದುದು ಕಲ್ಲಚ್ಚು. ಇದನ್ನು ಕಂಡುಹಿಡಿದವನು ಬವೇರಿಯದ ಅಲೋಯಿಸ್ ಸೆನೆಫೆಲ್ಡರ್. ಅವನು ನಾಟಕಕಾರ, ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕುವ ದಾರಿಯನ್ನು ಹುಡುಕುತ್ತಿದ್ದನು. ೧೭೯೬ರಲ್ಲಿ ಒಂದು ದಿನ ಅವನ ತಾಯಿ, ಒಗೆಯುವುದಕ್ಕೆ ಹಾಕುವ ಬಟ್ಟೆಗಳ ಪಟ್ಟಿಯನ್ನು ಬರೆದುಕೊಡೆಂದು ಕೇಳಿದಳಂತೆ. ಬಟ್ಟೆ ಒಯ್ಯುವವಳು ಬಾಗಿಲಲ್ಲಿ ಕಾದಿದ್ದಳು. ಕೈಗೆ ಕಾಗದ ಸಿಕ್ಕಲಿಲ್ಲ. ಎದುರಿಗಿದ್ದ ನುಣುಪಾದ ಕಲ್ಲಿನ ಮೇಲೆಯೇ ಜಿಡ್ಡಿನ ಮಸಿಯಿಂದ ಅವನು ಪಟ್ಟಿಯನ್ನು ಬರೆದನು. ಆ ಬರಹವನ್ನು ಅಳಿಸಹೋದಾಗ ಹೊಳೆದ ಯೋಚನೆಯನ್ನು ಅವನು ಮುಂದೆ ಎರಡು ವರ್ಷ ಬೆಳೆಸಿದ ಮೇಲೆ ಕಲ್ಲಚ್ಚು ಸಿದ್ಧವಾಯಿತು ಎಂಬುದು ಅವನೇ ಹೇಳಿಕೊಂಡಿರುವ ವೃತ್ತಾಂತ. ಜಿಡ್ಡು ನೀರನ್ನು ಸೇರದು, ನೀರು ಜಿಡ್ಡನ್ನು ಸೇರದು—ಇಷ್ಟೇ ಅದರ ತತ್ತ್ವ. ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ರಾಜಾ ರವಿವರ್ಮನ ಮುದ್ರಣಾಲಯವು ನಮ್ಮ ಮನೆಮನೆಗೂ ಲಕ್ಷ್ಮೀ ಸರಸ್ವತಿಯರನ್ನು ಮುಟ್ಟಿಸಿದುದು ಇದೇ ವಿದ್ಯೆಯಿಂದ.

ಯೂರೋಪಿನ ಪಿಂಗಾಣಿಯವರು ಈ ಕಲ್ಲಚ್ಚಿನಿಂದ ಹಲವು ಬಣ್ಣಗಳ ಚಿತ್ರವನ್ನು ಕಾಗದದ ಮೇಲೆ ಮುಂಚಿತವಾಗಿಯೇ ಅಚ್ಚು ಹಾಕಿ ಒಣಗಿಸಿ ಇಟ್ಟುಕೊಳ್ಳುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಲಿತರು. 'ಡೆಕಾಲ್' ಎಂದು ಹೇಳುವುದು ಇದನ್ನೇ. ಫ್ರೆಂಚ್ ಭಾಷೆಯಿಂದ ಬಂದ ಮಾತು. ನಾವು ಅಂಟುಚಿತ್ರವೆಂದು ಕರೆಯೋಣ. ತಾಮ್ರದ ತಗಡಿನ ಚಿತ್ರವನ್ನು ಹಸಿಯಾಗಿರುವಾಗಲೇ ತಟ್ಟೆಗೆ ಮುಟ್ಟಿಸಬೇಕು; ಅಂಟುಚಿತ್ರವನ್ನಾದರೋ ಒಂದು ಊರಿನಲ್ಲಿ ಅಚ್ಚು ಹಾಕಿ, ಮತ್ತೊಂದು ಊರಿನಲ್ಲಿ, ತಿಂಗಳುಗಳ ಮೇಲೆ ಅಂಟಿಸಬಹುದು. ಇಪ್ಪತ್ತನೆಯ ಶತಮಾನದಲ್ಲಿ ಇದು ಇನ್ನೂ ಸುಲಭವಾಯಿತು. ಚಿತ್ರದ ಮೇಲೆ ಅರಗಿನಂತಹ ಒಂದು ತೆಳುವಾದ ಪೊರೆಯನ್ನು ಬಳಿದಿರುತ್ತಾರೆ. ನೀರಿನಲ್ಲಿ ನೆನೆಯಿಸಿದಾಗ ಕಾಗದದ ಮೇಲಿನ ಗೋಂದು ಕರಗಿ, ಪೊರೆಯೂ ಚಿತ್ರವೂ ಒಂದಾಗಿ ಜಾರಿ ಬರುತ್ತವೆ. ಚಿಕ್ಕಂದಿನಲ್ಲಿ ಪುಸ್ತಕದ ರಟ್ಟಿಗೆ ನೀರಚಿತ್ರಗಳನ್ನು ಅಂಟಿಸಿದವರೆಲ್ಲರೂ ಇದನ್ನು ಬಲ್ಲರು.

ಈ ಸೌಲಭ್ಯದಿಂದಾಗಿ, ಕಾರ್ಖಾನೆಯ ಸ್ವತ್ತಾಗಿದ್ದ ವಿದ್ಯೆಯು ತಿಗರಿಯ ಮುಂದೆ ಒಬ್ಬನೇ ಕುಳಿತು ಬಟ್ಟಲು ಮಾಡುವವನ ಕೈಗೂ ಎಟುಕಿದೆ. ಅವನು ಮಾಡತಕ್ಕದ್ದು ಇಷ್ಟು. ಲೇಪ ಕೊಟ್ಟು ಸುಟ್ಟ ಬಟ್ಟಲನ್ನು ಜಿಡ್ಡಿಲ್ಲದಂತೆ ಒರಸಬೇಕು. ಬೆರಳಿನ ಗುರುತು ಕೂಡ ಇರಕೂಡದು. ನೆನೆದ ಚಿತ್ರವನ್ನು ಜಾರಿಸಿ, ನಡುವಿನಿಂದ ಅಂಚಿನ ಕಡೆಗೆ ರಬ್ಬರಿನ ತುಂಡಿನಿಂದ ಮೆತ್ತಗೆ ಒತ್ತುತ್ತ ನೀರನ್ನೂ ಗಾಳಿಯನ್ನೂ ಹೊರಡಿಸಬೇಕು. ಒಂದು ಗುಳ್ಳೆ ಉಳಿದರೂ ಉರಿಯಲ್ಲಿ ಅದು ಒಡೆದು ಚಿತ್ರಕ್ಕೆ ತೂತಾಗುತ್ತದೆ. ಒಂದು ದಿನ ಚೆನ್ನಾಗಿ ಒಣಗಿಸಬೇಕು. ಲೇಪದ ಮೇಲಿನ ಬಣ್ಣಗಳಿಗೆ ಸಾಮಾನ್ಯವಾಗಿ ೭೦೦ರಿಂದ ೮೫೦ ಡಿಗ್ರಿ ಸೆಂಟಿಗ್ರೇಡಿನವರೆಗಿನ ಉರಿ ಸಾಕು. ಮೊದಲಿನಲ್ಲಿ ಪೊರೆಯು ಸುಟ್ಟು ಹೊಗೆ ಬರುವುದರಿಂದ ಆವಿಗೆಯ ಕಿಂಡಿಯನ್ನು ತೆರೆದಿಟ್ಟು, ಕೋಣೆಗೆ ಗಾಳಿಯಾಡುವಂತೆ ನೋಡಿಕೊಳ್ಳಬೇಕು. ನೀಳವಾದ ಲೋಟದ ಮೇಲೆ ಚಿತ್ರವು ಸುಲಭವಾಗಿ ಕೂರುತ್ತದೆ. ಗುಂಡಾದ ಹೂಜಿಯ ಮೇಲೆ ಕೂರಿಸುವುದು ಬಾಳೆಯ ಎಲೆಯನ್ನು ತೆಂಗಿನಕಾಯಿಗೆ ಸುತ್ತಿದಂತೆ. ಒಂದೋ ಸುಕ್ಕಾಗುತ್ತದೆ, ಇಲ್ಲವೇ ಸೀಳುತ್ತದೆ. ಆದುದರಿಂದ ಚಿತ್ರವನ್ನು ಮೊದಲೇ ಅಲ್ಲಲ್ಲಿ ಕತ್ತರಿಸಿಕೊಳ್ಳಬೇಕು.

ಒಂದು ಎಚ್ಚರಿಕೆಯನ್ನು ಗೃಹಿಣಿಯರ ಗಮನಕ್ಕೆ ತರುವುದು ಅಗತ್ಯ. ಲೇಪದ ಮೇಲಿನ ಬಣ್ಣಗಳು ಕಡಮೆ ಉರಿಯಲ್ಲಿ ಕರಗಲೆಂದು ಅವುಗಳಲ್ಲಿ ಬಹುಕಾಲ ಸೀಸವನ್ನು ಸೇರಿಸುತ್ತಿದ್ದರು; ಕೆಲವು ಕೆಂಪು ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುವುದುಂಟು. ಹುಣಿಸೆಯ ಹುಳಿ, ನಿಂಬೆಯ ರಸ, ಉಪ್ಪಿನಕಾಯಿ, ಮಜ್ಜಿಗೆ ಇವು ಅಂತಹ ಬಣ್ಣದಿಂದ ವಿಷವನ್ನು ಬಿಡಿಸಿಕೊಳ್ಳಬಲ್ಲವು. ಆದುದರಿಂದ ಹಳೆಯ ಚಿತ್ರದ ಪಾತ್ರೆಗಳನ್ನು ಬೀರುವಿನಲ್ಲಿಟ್ಟು ಸಂತೋಷಪಡುವುದೇ ಲೇಸು. ಹೊಸದಾಗಿ ಮಾಡುವವರು ಚಿತ್ರವನ್ನು ಬಟ್ಟಲಿನ ಹೊರಮೈಗೆ ಹಾಕಲಿ. ಒಳಮೈಗೂ ತುಟಿ ತಾಗುವ ಅಂಚಿಗೂ ಬೇಡ.

ಈಗ ಮುಖ್ಯವಾದ ಪ್ರಶ್ನೆ. ಕೈಯಿಂದ ಮಾಡಿದ ಬಟ್ಟಲಿಗೆ ಅಚ್ಚಿನ ಚಿತ್ರವನ್ನು ಅಂಟಿಸುವುದು ಸರಿಯೇ? ಖಾದಿಯ ಅಂಗಿಗೆ ಗಿರಣಿಯ ಜರಿ ಹೊಲಿದಂತಾಗಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಅಂಗಡಿಯಲ್ಲಿ ಸಿಕ್ಕುವ ಗುಲಾಬಿಯನ್ನು ಕೊಂಡು ತಂದು ಅಂಟಿಸಿ, ಕೊಳ್ಳುವವರಿಗೆ 'ಕೈಕೆಲಸ' ಎಂದು ಹೇಳಿ ಮಾರುವವನು ಮೋಸ ಮಾಡುತ್ತಾನೆ. ನಾನು ತರಗತಿಯಲ್ಲಿ ತಿಳಿಯದೆ ಹೇಳಿದ ಸುಳ್ಳನ್ನು ಅವನು ತಿಳಿದು ಹೇಳುತ್ತಾನೆ. ಆದರೆ ಅಚ್ಚನ್ನು ಅಚ್ಚೆಂದೇ ತೋರಿಸಿ, ಅದರಿಂದ ಏನನ್ನಾದರೂ ನುಡಿಯುವವರೂ ಇದ್ದಾರೆ. ಇಂಗ್ಲೆಂಡಿನ ಗ್ರೇಸನ್ ಪೆರಿಯು ಮಣ್ಣಿನ ಸುರುಳಿಗಳಿಂದ ಕೈಯಲ್ಲಿ ಕಟ್ಟಿದ ಹೂಜಿಗಳ ಮೇಲೆ ಗೀರುಚಿತ್ರಗಳ ಜೊತೆಗೆ ಛಾಯಾಚಿತ್ರಗಳ ಅಂಟುಚಿತ್ರವನ್ನೂ ಹಾಕುತ್ತಾನೆ. ೨೦೦೩ರಲ್ಲಿ ಅವನಿಗೆ ಟರ್ನರ್ ಬಹುಮಾನ ಬಂದಿತು. ೧೯೯೪ರಲ್ಲಿ ಈ ವಿದ್ಯೆಯನ್ನು ಕುರಿತೇ ಒಂದು ಪುಸ್ತಕವನ್ನು ಬರೆದ ಪಾಲ್ ಸ್ಕಾಟನು, ಹಳೆಯ ನೀಲಿ ತಟ್ಟೆಗಳ ಮಾದರಿಯಲ್ಲಿಯೇ ಇಂದಿನ ಭೂದೃಶ್ಯಗಳನ್ನು ಸೇರಿಸಿ ಹೊಸ ತಟ್ಟೆಗಳನ್ನು ಮಾಡಿದ್ದಾನೆ. ವಿಲೋ ಮರದ ಪರಿಚಯವಿರುವವರಿಗೆ ಅಲ್ಲಿ ಬದಲಾಗಿರುವುದು ತಟ್ಟನೆ ಕಾಣುತ್ತದೆ.

ಹೀಗೆಂದು ಓದಿ ತಿಳಿದಿದ್ದರೂ ನನ್ನ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ನೂರು ಮಂದಿ ಚಿತ್ರಗಾರರನ್ನು ನಾನು ಮರೆತಿರಲಿಲ್ಲ. ಒಪ್ಪಿದ್ದು ಹೇಗೆಂಬುದನ್ನು ಹೇಳಿ ಮುಗಿಸುತ್ತೇನೆ.

ನಮ್ಮ ತಾಯಿ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಅವರ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಹಾಲಿನ ಲೆಕ್ಕ, ಮಡಿವಾಳರ ಲೆಕ್ಕ, ತರಕಾರಿಯ ಲೆಕ್ಕ. ಅವರು ಕಾಗದ ಪತ್ರ ಬರೆದವರಲ್ಲ. ಅವರ ಕೈಬರಹವೆಂದು ನಮಗೆ ಉಳಿದಿರುವುದು ಅದೊಂದೇ. ಕಾಗದವು ಹಳದಿಯಾಗಿ ಮಡಿಕೆಗಳಲ್ಲಿ ಮುರಿಯುತ್ತಿದ್ದಿತು. ಕುಂಬಾರಿಕೆಯನ್ನು ಹವ್ಯಾಸವಾಗಿ ಇಟ್ಟುಕೊಂಡಿರುವ ಮಿತ್ರರೊಬ್ಬರು ಒಂದು ಉಪಾಯ ಹೇಳಿದರು. ಕಚೇರಿಗಳಲ್ಲಿರುವ ಕೆಲವು ಲೇಸರ್ ಮುದ್ರಣಯಂತ್ರಗಳ ಕಪ್ಪುಪುಡಿಯಲ್ಲಿ ಕಬ್ಬಿಣದ ಭಸ್ಮವಿರುತ್ತದೆ. ಅಂತಹ ಯಂತ್ರದಿಂದ ಅಂಟುಚಿತ್ರದ ಕಾಗದದ ಮೇಲೆ ಅಚ್ಚು ತೆಗೆದು, ಬಟ್ಟಲಿಗೆ ಅಂಟಿಸಿ, ಲೇಪವು ಮೆದುವಾಗುವಷ್ಟು ಕಾಯಿಸಿದರೆ ಪುಡಿಯಲ್ಲಿರುವ ಪ್ಲಾಸ್ಟಿಕ್ಕು ಸುಟ್ಟುಹೋಗಿ, ಕಬ್ಬಿಣವು ಲೇಪದಲ್ಲಿ ಕಚ್ಚಿಕೊಂಡು ಕಂದುಬಣ್ಣವಾಗಿ ನಿಲ್ಲುತ್ತದೆ. ಉರಿ ಕಡಮೆಯಾದರೆ ಕೈಗೆ ಉದುರುತ್ತದೆ; ಹೆಚ್ಚಾದರೆ ಲೇಪದಲ್ಲಿ ಕರಗಿ ಮಾಯವಾಗುತ್ತದೆ.

ಹಾಲಿನ ಲೆಕ್ಕದ ಒಂದು ಪುಟವನ್ನು ಹಾಗೆ ಅಚ್ಚು ತೆಗೆಸಿದೆವು. ಮಿತ್ರರು ತಿಗರಿಯಲ್ಲಿ ಮಾಡಿದ ಬಿಳಿಯ ಬಟ್ಟಲುಗಳಿಗೆ ಅದನ್ನು ಅಂಟಿಸಿದವನು ನಾನೇ. ಮೊದಲನೆಯದು ನನ್ನ ಅವಸರದಿಂದ ಕೆಟ್ಟಿತು. ಗಾಳಿ ಉಳಿದುಕೊಂಡು ಒಂದು ವಾರದ ಹಾಲು ಪೂರ್ತಿಯಾಗಿ ಹಾರಿಹೋಯಿತು. ಎರಡನೆಯದರಲ್ಲಿ ಉರಿ ಮೀರಿ ಅಕ್ಷರಗಳು ಮಸುಳಿದುವು. ಮೂರನೆಯದು ನಿಂತಿತು. ನೀಲಿ ಮಸಿಯ ಬರಹವು ಕಾವಿಯಾಗಿದ್ದಿತು. ಅಷ್ಟು ಬಿಟ್ಟರೆ ಅವರು 'ಳ'ಕಾರವನ್ನು ತಿರುಗಿಸುತ್ತಿದ್ದ ರೀತಿ, ಸಾಲು ಮೇಲಕ್ಕೆ ಏರುತ್ತ ಹೋಗುವುದು, ಎಲ್ಲವೂ ಅಲ್ಲಿದ್ದುವು.

ಅದನ್ನು ನಮ್ಮ ಅಕ್ಕನಿಗೆ ತೋರಿಸಿದೆನು. ಅವಳು ಅಳುವಳೆಂದು ನಾನು ಅಂಜಿದ್ದೆನು. ಅವಳು ಕನ್ನಡಕವನ್ನು ಹಾಕಿಕೊಂಡು, ಬಟ್ಟಲನ್ನು ತಿರುಗಿಸುತ್ತ ಬೆರಳಿನಿಂದ ಸಾಲು ಹಿಡಿದು ಓದಿ, "ಅಲ್ಲ ಕಣೋ, ಅಮ್ಮ ಮೂವತ್ತು ದಿನದ ತಿಂಗಳಿಗೆ ಮೂವತ್ತೊಂದು ದಿನದ ಹಾಲು ಬರೆದಿದ್ದಾಳಲ್ಲೋ. ಒಂದು ದಿನದ ದುಡ್ಡು ಹೆಚ್ಚಾಗಿ ಕೊಟ್ಟಿದ್ದಾಳೆ," ಎಂದಳು. ಆ ಪುಸ್ತಕ ನಮ್ಮ ಮನೆಯಲ್ಲಿ ಅಷ್ಟು ದಿನ ಇದ್ದರೂ ಅದನ್ನು ಯಾರೂ ಹಾಗೆ ಓದಿರಲಿಲ್ಲ. ಪೆಟ್ಟಿಗೆಯಲ್ಲಿದ್ದುದನ್ನು ಕೈಯಲ್ಲಿ ಹಿಡಿಯುವಂತಾದ ಮೇಲೆ ಓದಿದೆವು.

ಅಚ್ಚು ಒಳ್ಳೆಯದೋ ಕೆಟ್ಟದ್ದೋ ಎಂದು ಈಗ ನಾನು ಕೇಳುವುದಿಲ್ಲ. ಅದು ಯಾರ ಕೈಯನ್ನು ಮರೆಸಿತು, ಯಾರ ಕೈಯನ್ನು ಉಳಿಸಿತು ಎಂದು ಕೇಳುತ್ತೇನೆ. ೧೭೫೬ರಲ್ಲಿ ಅದು ನೂರು ಮಂದಿಯ ಕೈಗೆ ಬದಲಾಗಿ ನಿಂತಿತು. ಅವರಲ್ಲಿ ಒಬ್ಬರ ಹೆಸರೂ ಆ ಪತ್ರದಲ್ಲಿಲ್ಲ. ನಮ್ಮ ಮನೆಯಲ್ಲಿ ಅದೇ ವಿದ್ಯೆಯು ಒಬ್ಬರ ಕೈಬರಹವನ್ನು ಬೆಂಕಿಯಿಂದ ದಾಟಿಸಿ ತಂದುಕೊಟ್ಟಿತು. ಎರಡೂ ನಿಜ, ಒಂದರಿಂದ ಮತ್ತೊಂದು ಸಂದಾಯವಾಗುವುದಿಲ್ಲ.

ತಮ್ಮ ಮನೆಗಳಲ್ಲಿಯೂ ಹಳೆಯ ತಟ್ಟೆಯೊಂದು ಇರಬಹುದು. ಬಿಡುವಾದಾಗ ಅದರ ಅಂಚನ್ನು ಬೆಳಕಿಗೆ ಹಿಡಿದು ಒಂದು ಸುತ್ತು ನೋಡಿ. ಎಲ್ಲಿಯಾದರೂ ಅರ್ಧ ಹೂವು ಕಂಡರೆ, ಅಲ್ಲಿ ಕತ್ತರಿ ಹಿಡಿದ ಒಬ್ಬ ಹುಡುಗಿ ಇದ್ದಳೆಂದು ನೆನೆಯಿರಿ. ತಟ್ಟೆಯನ್ನು ತಿರುಗಿಸಿ ಬೆನ್ನನ್ನು ನೋಡುವುದನ್ನೂ ಮರೆಯಬೇಡಿ. ನಾನು ಮರೆತು ಪಟ್ಟ ಪಾಡನ್ನು ತಾವು ಪಡಬೇಕಾದುದಿಲ್ಲ.